ನನ್ನ ಸವತಿಯ ಸ್ಟೇರಿಂಗು

ನನಗೊಬ್ಬಳು ಸವತಿ ಇದ್ದಳು. ಬಿಳಿ ಬಣ್ಣ, ಹಣೆ ತುಂಬ ಕುಂಕುಮ, ಎಷ್ಟು ಹೇರಿದರೂ ಜಗ್ಗದ ಸೊಂಟ. ನಮ್ಮ ಯಜಮಾನರು ಅವಳನ್ನು ಹಿರಿಯೂರಿನವರೊಬ್ಬರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ತಂದಾಗ ನಮಗೆ ಮದುವೆಯಾಗಿ ಆರೇಳು ವರ್ಷವಾಗಿತ್ತು. ಊರವರಿಗೆ ಅದು ಹಳೇ ಪಿಕಪ್ ಗಾಡಿ. ಅದನ್ನು ‘ಅವಳು’ ಎನ್ನುತ್ತಿದ್ದವಳು ನಾನೊಬ್ಬಳೇ.

ಹೊಸದುರ್ಗದಲ್ಲಿ ನಮ್ಮದು ಬಾಡಿಗೆ ಗಾಡಿ ನಂಬಿದ ಸಂಸಾರ. ಸಂತೆಯ ದಿನ ಕುರಿ, ಉಳಿದ ದಿನ ತೆಂಗಿನಕಾಯಿ, ದಾಳಿಂಬೆ, ಸಿಮೆಂಟು, ಒಮ್ಮೊಮ್ಮೆ ಮದುವೆ ಮನೆಯ ಪಾತ್ರೆ. ನಮಗೆ ಅನ್ನ ಹಾಕುತ್ತಿದ್ದವಳು ಅವಳೇ ಎಂದು ನನಗೂ ಗೊತ್ತಿತ್ತು. ಆದರೆ ಆ ಅನ್ನ ಬೇಯಿಸುತ್ತಿದ್ದವಳು ನಾನಲ್ಲವೇ? ಸಂಜೆ ಬಂದವರು ಮೊದಲು ಅವಳ ಸುತ್ತ ಒಂದು ಸುತ್ತು ಬಂದು, ಚಕ್ರ ಒದ್ದು ನೋಡಿ, ಗಾಜು ಒರೆಸಿ, ಆಮೇಲೆ ಒಳಗೆ ಬಂದು ‘ಊಟಕ್ಕೆ ಹಾಕು’ ಎನ್ನುತ್ತಿದ್ದರು. ನನಗೆ ಮೈ ಸುಡುವ ಜ್ವರ ಬಂದರೂ ನಾನೇ ಬಾಯಿಬಿಟ್ಟು ಹೇಳಬೇಕಿತ್ತು. ಅವಳು ಸ್ವಲ್ಪ ಕೆಮ್ಮಿದರೆ ಸಾಕು, ಇವರ ಮುಖ ಬಾಡುತ್ತಿತ್ತು. ಹೊಟ್ಟೆ ಉರಿಯದೆ ಏನು ಮಾಡೀತು?

ನನ್ನದೊಂದು ಹರಕೆ ಬಾಕಿ ಇತ್ತು. ಮಗಳು ಕೂಸಾಗಿದ್ದಾಗ ಜ್ವರ ಏರಿ ನಮ್ಮ ಕೈಬಿಟ್ಟೇ ಹೋದಳು ಎನ್ನುವಂತಾಗಿತ್ತು. ಆಗ ಹೊರಕೆರೆದೇವಪುರದ ಸ್ವಾಮಿಗೆ, ಗಂಡ ಹೆಂಡತಿ ಇಬ್ಬರೂ ಜೊತೆಯಾಗಿ ಬಂದು ಹಣ್ಣುಕಾಯಿ ಮಾಡಿಸುತ್ತೇವೆ ಎಂದು ಕೇಳಿಕೊಂಡಿದ್ದೆ. ಮಗಳು ಗುಣವಾಗಿ ಸ್ಕೂಲಿಗೂ ಹೋಗತೊಡಗಿದಳು, ಹರಕೆ ಮಾತ್ರ ಹಾಗೇ ಉಳಿದಿತ್ತು. ಬಸ್ಸಿದೆ, ಒಬ್ಬಳೇ ಹೋಗಿ ಬರಬಹುದಿತ್ತು. ಆದರೆ ಇಬ್ಬರೂ ಬರುತ್ತೇವೆಂದು ಮಾತು ಕೊಟ್ಟಾಗಿತ್ತಲ್ಲ. ಯಾವಾಗ ಕೇಳಿದರೂ ‘ಈ ವಾರ ಲೋಡ್ ಐತೆ, ಬರೋ ವಾರ ಹೋಗಾಣ’ ಎಂಬ ಮಾತು. ಲೋಡಿಲ್ಲದ ದಿನ ಅವಳಿಗೆ ಸ್ನಾನ. ಹಿಂದೆ ಯಾರ ಸಾಮಾನೂ ಇಲ್ಲದೆ, ಇವರ ಪಕ್ಕದ ಸೀಟಿನಲ್ಲಿ ಕೂತು, ನಾವಿಬ್ಬರೇ ಆ ದಾರಿಯಲ್ಲಿ ಹೋಗಬೇಕು. ಅಷ್ಟೇ ನನ್ನ ಆಸೆ.

ಆ ವರ್ಷದ ಆಯುಧಪೂಜೆಗೆ ಪೇಟೆಯಿಂದ ಸೇವಂತಿಗೆ ತಂದರು. ಅವಳಿಗೆ ಮಾರುಗಟ್ಟಲೆ, ನನಗೆ ಒಂದು ಮೊಳ. ಮುಂದಿನ ಗಾಜಿಗೆ, ಕನ್ನಡಿಗಳಿಗೆ, ಬಂಪರಿಗೆ ಸುತ್ತಿದ ಮೇಲೂ ಹೂವು ಮಿಕ್ಕಿತು. ಮಿಕ್ಕಿದ್ದನ್ನಾದರೂ ನನಗೆ ಕೊಟ್ಟಾರು ಎಂದು ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಇವರು ಬಾನೆಟ್ ಎತ್ತಿ, ಇಂಜಿನ್ನಿಗೆ ವಿಭೂತಿ ಬಳಿದು, ಉಳಿದ ಮಾಲೆಯನ್ನೆಲ್ಲ ಅದರ ಮೇಲೆ ಹೊದಿಸಿ, ಕೈಮುಗಿದು ಮುಚ್ಚಿದರು.

ಹಬ್ಬ ಕಳೆದ ಸ್ವಲ್ಪ ದಿನಕ್ಕೇ ಅವಳಿಗೆ ಕಾಯಿಲೆ ಶುರುವಾಯಿತು. ಸ್ಟೇರಿಂಗ್ ಬಿಗಿ. ಪವರ್ ಸ್ಟೇರಿಂಗ್ ಎಂದರೆ ಒಂದೇ ಕೈಯಲ್ಲಿ ತಿರುಗಬೇಕು. ಈಗ ಸಂದಿಯಲ್ಲಿ ಗಾಡಿ ತಿರುಗಿಸಬೇಕಾದರೆ ಇವರು ಸೀಟಿನಿಂದ ಅರ್ಧ ಎದ್ದು, ಎರಡೂ ಕೈ ಹಾಕಿ ಎಳೆಯುತ್ತಿದ್ದರು. ತಿರುಗಿಸಿದಾಗಲೆಲ್ಲ ಮುಂದಿನಿಂದ ‘ಕೀಂಯ್’ ಎಂದು ಅರಚಾಟ. ನನಗೆ ಒಳಗೊಳಗೇ ಖುಷಿಯಾಯಿತು. ಅದನ್ನು ಬರೆಯಲು ಸಂಕೋಚವೇನೂ ಇಲ್ಲ.

ಆದರೆ ಆ ಖುಷಿ ಉಳಿಯಲಿಲ್ಲ, ಯಾಕೆಂದರೆ ಉಪಚಾರ ಶುರುವಾಯಿತು. ಚಕ್ರಗಳಿಗೆ ಗಾಳಿ ಹಿಡಿಸಿ ನೋಡಿದರು. ಸ್ಟೇರಿಂಗ್ ಆಯಿಲಿನ ಡಬ್ಬಿಯ ಮುಚ್ಚಳ ತೆಗೆದು, ಎಷ್ಟಿದೆ, ನೊರೆ ಎದ್ದಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿದರು. ಎಲ್ಲಾದರೂ ಸೋರುತ್ತಿದೆಯೇ ಎಂದು ರಾತ್ರಿ ಅವಳ ಅಡಿಯಲ್ಲಿ ರಟ್ಟು ಹಾಸಿಟ್ಟು ಒಳಗೆ ಬಂದು ಮಲಗಿದವರು, ಬೆಳಿಗ್ಗೆ ಮುಖ ತೊಳೆಯುವ ಮೊದಲು ಹೋಗಿ ರಟ್ಟಿನ ಮುಖ ನೋಡಿದರು. ಒಂದು ಹನಿಯೂ ಬಿದ್ದಿರಲಿಲ್ಲ. ನಿಂತಾಗ ಬಿಗಿಯೋ, ಓಡುವಾಗ ಬಿಗಿಯೋ, ಎಡಕ್ಕೋ, ಬಲಕ್ಕೋ ಎಂದು ತಮ್ಮನ್ನು ತಾವೇ ಕೇಳಿಕೊಳ್ಳುತ್ತ ಬೀದಿಯಲ್ಲಿ ಹಿಂದೆ ಮುಂದೆ ಓಡಿಸಿದರು. ಇಷ್ಟು ವಿಚಾರಣೆ ನನ್ನ ಬಾಣಂತನದಲ್ಲೂ ಆಗಿರಲಿಲ್ಲ. ಕೊನೆಗೆ ನಮ್ಮೂರಿನ ಮೆಕ್ಯಾನಿಕ್ ನೋಡಿ, ‘ಸ್ಟೇರಿಂಗ್ ಪಂಪ್ ಹೋಗಿರ್ಬೇಕು, ಚಿತ್ರದುರ್ಗಕ್ಕೆ ತಗಂಡು ಹೋಗ್ರಿ’ ಎಂದ.

ದೇವಪುರಕ್ಕೆ ಹೋಗೋಣವೆಂದು ಇವರು ಅಪರೂಪಕ್ಕೆ ಒಪ್ಪಿದ್ದ ವಾರವೂ ಅದೇ ಆಗಿತ್ತು.

‘ನಾನೂ ಬರ್ತೀನಿ’ ಎಂದೆ.

‘ಗ್ಯಾರೇಜಿಗೆ ನೀನ್ಯಾಕೆ?’

‘ವಾಪಸ್ ಬರೋ ದಾರೀಲಿ ದೇವಪುರಕ್ಕೆ ತಿರುಗಬಹುದಲ್ಲ. ರಿಪೇರಿ ಆದ್ರೆ ಹಂಗೇ ಹೋಗಿ ಬರಾಣ.’

ಇವರು ‘ಹ್ಞೂಂ’ ಎಂದರು. ಕಣ್ಣು ಅವಳ ಮೇಲಿತ್ತು. ನಾನು ಹಣ್ಣುಕಾಯಿಯ ಚೀಲ ಹಿಡಿದು ಹತ್ತಿ ಕೂತೆ.

ಚಿತ್ರದುರ್ಗದ ಗ್ಯಾರೇಜಿನ ಮೇಸ್ತ್ರಿ ಒಂದು ಕುರ್ಚಿ ಎಳೆದು ‘ಕುಂತ್ಕಳ್ರಿ ಅಕ್ಕಾ’ ಎಂದ. ನಾನು ಕೂರಲಿಲ್ಲ. ಪಂಪ್ ಬಿಚ್ಚಬೇಕೇ, ಹೊಸದೇ ಹಾಕಬೇಕೇ ಎಂದು ಅವನೂ ಇವರೂ ಮಾತಾಡುತ್ತಿದ್ದಾಗ ನಾನು ಬಾನೆಟ್ಟಿನ ಒಳಗೆ ಬಗ್ಗಿದೆ. ಸವತಿಯ ಒಳಗೆ ಏನಿದೆ ಎಂದು ನೋಡುವ ಚಪಲ. ಜಿಡ್ಡು, ಮಸಿ, ಒಂದರ ಮೇಲೊಂದು ಪೈಪು. ಅವುಗಳ ಕೆಳಗೆ ಬೆಲ್ಟು ಹಾಯುವ ಗಾಲಿಯೊಂದರ ಸಂದಿಯಲ್ಲಿ ಏನೋ ಹಳದಿ ಕಂಡಿತು. ಆ ಹಳದಿಯ ಗುರುತು ನನಗೆ ಸಿಗದೆ ಇನ್ಯಾರಿಗೆ ಸಿಗಬೇಕು?

‘ಅಲ್ಲಿ ಸೇವಂತಿಗೆ ಐತೆ’ ಎಂದೆ.

ಮೇಸ್ತ್ರಿ ನಕ್ಕ. ಟಾರ್ಚ್ ಬಿಟ್ಟು ನೋಡಿದ ಮೇಲೆ ನಗಲಿಲ್ಲ. ಬೆಲ್ಟ್ ಸಡಿಲಿಸಿ ಸ್ಕ್ರೂಡ್ರೈವರಿನಿಂದ ಕೆದಕಿದ. ಹೂವು ಕಟ್ಟಿದ್ದ ಬಾಳೆ ನಾರು ಗಾಲಿಗೆ ಸುತ್ತಿಕೊಂಡು, ಎಸಳುಗಳ ಜೊತೆ ಒಣಗಿ ಗಟ್ಟಿಯಾಗಿ ಕೂತಿತ್ತು.

‘ಪಂಪ್ ನೆಟ್ಟಗೈತೆ. ಈ ನಾರಿನ ಮೇಲೆ ಬೆಲ್ಟ್ ಜಾರ್ತಿತ್ತು, ಅದ್ಕೇ ಆ ಸದ್ದು. ಬೆಲ್ಟ್ ಹಿಡೀದಿದ್ರೆ ಪಂಪ್ ಹೆಂಗೆ ತಿರುಗ್ತೈತೆ? ಒಳಗೆ ಹೂವು ಹಾಕಿದ್ದು ಯಾರು?’

‘ಮನೇಲಿ ಹೆಂಗಸ್ರು ಹಾಕಿರ್ತಾರೆ ಬಿಡಪ್ಪ’ ಎಂದರು ಇವರು.

ಪಕ್ಕದಲ್ಲೇ ನಿಂತಿದ್ದೆ. ಮೈಯೆಲ್ಲ ಉರಿದುಹೋಯಿತು. ‘ಹೆಂಗಸ್ರಿಗೆ ತಂದಿದ್ದು ಒಂದು ಮೊಳ ಕಣಪ್ಪ’ ಎಂದೆ. ‘ಮಾರುಗಟ್ಲೆ ತಂದಿದ್ದೆಲ್ಲ ಇವಳಿಗೇ ಹೋತು. ಹೊದಿಸಿದ ಕೈಯೂ ಇಲ್ಲೇ ಐತೆ, ಕೇಳು.’

ಗ್ಯಾರೇಜಿನವರೆಲ್ಲ ಒಮ್ಮೆಲೇ ತಲೆ ತಗ್ಗಿಸಿ ಕೆಲಸದಲ್ಲಿ ಮುಳುಗಿದರು. ಇವರು ನೆಲ ನೋಡಿದರು. ನಾಲ್ಕು ಜನರ ಮುಂದೆ ಗಂಡನನ್ನು ಹಾಗೆ ಅನ್ನಬಾರದಿತ್ತು ಎಂದು ಆಮೇಲೆ ಹೇಳಿದವರುಂಟು. ಅಂದದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಸವೆದಿದ್ದ ಬೆಲ್ಟ್ ತೆಗೆದು ಹೊಸದು ಹಾಕಿಸಿಕೊಂಡು ಹೊರಟೆವು. ದೇವಪುರಕ್ಕೆ ತಿರುಗುವ ಕೈಮರ ಬಂತು. ಇವರು ವೇಗ ಇಳಿಸಿ, ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸಿದರು. ಗಾಡಿ ದೇವಪುರದ ದಾರಿಗೆ ಹೊರಳಿತು. ನನ್ನ ಮಾತು ತಟ್ಟಿದೆ ಎಂದುಕೊಂಡು ಸೆರಗು ಸರಿಮಾಡಿ, ಚೀಲವನ್ನು ಮಡಿಲಿಗೆ ಎಳೆದುಕೊಂಡೆ. ಅಷ್ಟರಲ್ಲಿ ಇವರು ಸ್ಟೇರಿಂಗನ್ನು ಇನ್ನೂ ತಿರುಗಿಸಿದರು, ಕೊನೆ ಮುಟ್ಟುವವರೆಗೆ. ಗಾಡಿ ಅಲ್ಲೇ ಒಂದು ಸುತ್ತು ಬಂತು. ಆಮೇಲೆ ಇನ್ನೊಂದು ಕಡೆಗೆ, ಅದೂ ಕೊನೆ ಮುಟ್ಟುವವರೆಗೆ. ಕಿಟಕಿಯಿಂದ ತಲೆ ಹೊರಹಾಕಿ ಕಿವಿಗೊಟ್ಟರು.

‘ಒಂಚೂರೂ ಸದ್ದಿಲ್ಲ ನೋಡು, ಬೆಣ್ಣೆ ಆಗೈತೆ’ ಎಂದು ಹೊಸದುರ್ಗದ ದಾರಿ ಹಿಡಿದರು.

‘ನಿಲ್ಸ್ರಿ’ ಎಂದೆ. ನಿಲ್ಲಿಸಿದರು. ಇಳಿದೆ. ‘ನೀವು ಇವಳ ಜೊತೆ ಮನೆಗೆ ಹೋಗ್ರಿ. ನಾನು ದೇವ್ರಿಗೆ ಹೋಗ್ತೀನಿ.’

‘ಏನಾತೇ ನಿನಗೆ?’ ಎಂದರು. ನಿಜವಾಗಿಯೂ ಅವರಿಗೆ ಗೊತ್ತಾಗಿರಲಿಲ್ಲ. ನಾನು ಕೈಮರದವರೆಗೆ ನಡೆದು ಹೋಗಿ, ಬಂದ ಬಸ್ಸು ಹತ್ತಿದೆ. ಇಬ್ಬರೂ ಬರುತ್ತೇವೆಂದು ಹೇಳಿ ಒಬ್ಬಳೇ ಹೋಗಿ ನಿಂತರೆ ದೇವರಿಗೆ ಏನು ಹೇಳಲಿ ಎಂದು ಅಳು ಬಂತು. ಸ್ವಲ್ಪ ದೂರ ಹೋದ ಮೇಲೆ ಕಂಡಕ್ಟರ್, ‘ಯಾರಪ್ಪ ಇವನು, ಜಾಗ ಬಿಟ್ರೂ ಮುಂದೆ ಹೋಗವಲ್ಲ’ ಎಂದು ಗೊಣಗಿದ. ತಿರುಗಿ ನೋಡಿದೆ. ಬಸ್ಸು ನಿಂತಲ್ಲೆಲ್ಲ ನಿಂತು, ಹೊರಟಾಗ ಹೊರಟು, ಬಿಳಿ ಗಾಡಿ ಹಿಂದೆಯೇ ಬರುತ್ತಿತ್ತು. ನನಗಾಗಿ ಬರುತ್ತಿದ್ದಾರೋ, ಹೊಸ ಬೆಲ್ಟಿನ ಪರೀಕ್ಷೆಗೆ ಬರುತ್ತಿದ್ದಾರೋ ಎಂಬ ಅನುಮಾನ ಮಾತ್ರ ಹೋಗಲಿಲ್ಲ.

ಗುಡಿಯ ಹೊರಗಿನ ನಲ್ಲಿಯಲ್ಲಿ ಕೈಯ ಜಿಡ್ಡು ತಿಕ್ಕಿ ತೊಳೆದು, ಇವರು ಬಂದು ನನ್ನ ಪಕ್ಕ ನಿಂತರು. ‘ಅರ್ಚನೆ ಯಾರ ಹೆಸರಿಗೆ?’ ಎಂದು ಪೂಜಾರಿಗಳು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇವರು ನನ್ನ ಹೆಸರು ಹೇಳಿದರು. ಮದುವೆಯಾದಾಗಿನಿಂದ ‘ಲೇ’, ‘ಇವಳೇ’ ಎಂದಷ್ಟೇ ಕರೆದಿದ್ದ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ಕಣ್ಣು ಮಂಜಾಯಿತು.

‘ನಕ್ಷತ್ರ?’

ಇವರು ಗರ್ಭಗುಡಿ ನೋಡಿದರು, ಕಂಬ ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. ಗೊತ್ತಿರಲಿಲ್ಲ. ನಾಚಿಕೆಯಾಗಿ ಮಾತು ತೇಲಿಸಲೆಂದೋ ಏನೋ, ‘ಗಾಡಿ ಹೆಸರಿಗೂ ಒಂದು ಮಾಡಿಬಿಡ್ರಿ ಸ್ವಾಮಿ’ ಎಂದು, ಅವಳ ನಂಬರನ್ನು ಮೊದಲ ಅಕ್ಷರದಿಂದ ಕೊನೆಯ ಅಂಕಿಯವರೆಗೆ ಒಂದೇ ಉಸಿರಿನಲ್ಲಿ ಹೇಳಿದರು.

ಪೂಜಾರಿಗಳು ಇನ್ನೂ ಕಾಯುತ್ತಿದ್ದರು. ನನ್ನ ನಕ್ಷತ್ರವನ್ನು ನಾನೇ ಹೇಳಿದೆ.