ಮಂಡಿಗೆ ಬಂದ ಮೀನಖಂಡ

ಟೈಲ್ಸ್ ಹಾಸುವವರಲ್ಲಿ ಅವನಿಗೆ ‘ಮಟ್ಟದ ಮೇಸ್ತ್ರಿ’ ಎಂದೇ ಹೆಸರು. ಮಟ್ಟಗೋಲು ಇರುವುದು ಕಣ್ಣು ಸರಿಯಿಲ್ಲದವರಿಗೆ ಎನ್ನುತ್ತಿದ್ದ. ಹಾಸಿದ್ದನ್ನೆಲ್ಲ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಟೊಳ್ಳು ಸದ್ದು ಬಂದರೆ ಮುಲಾಜಿಲ್ಲದೆ ಕೀಳುತ್ತಿದ್ದ.

ಇಂಥವನ ಮಂಡಿಗೆ ಟೈಲ್ಸ್ ಚೂರು ಚುಚ್ಚಿತು. ಆಸ್ಪತ್ರೆಗೆ ಹೋಗೋಣ ಎಂದ ಹೆಂಡತಿಗೆ, ಇಂಥವು ಎಷ್ಟು ನೋಡಿಲ್ಲ ಎಂದು ಅದೇ ಮಂಡಿಯೂರಿ ಕೆಲಸ ಮುಂದುವರಿಸಿದ. ಗಾಯ ಕೀವಾಗಿ, ಕೊಳೆತದ್ದನ್ನೆಲ್ಲ ಆಸ್ಪತ್ರೆಯಲ್ಲಿ ಕೆರೆದು ತೆಗೆದ ಮೇಲೆ ಮಂಡಿಚಿಪ್ಪೇ ಇಣುಕಿದಾಗ ಜಂಭ ಜರ್ರನೆ ಇಳಿಯಿತು. ಮಂಡಿ ಮಡಚದಿದ್ದರೆ ಮೇಸ್ತ್ರಿಗಿರಿ ಮುಗಿದಂತೆ.

ಬರೀ ಎಲುಬಿನ ಮೇಲೆ ಚರ್ಮ ಅಂಟಿಸಿದರೆ ಹಿಡಿಯುವುದಿಲ್ಲ, ಮೀನಖಂಡದ ಸ್ನಾಯುವನ್ನು ಬುಡದ ರಕ್ತನಾಳ ಕಡಿಯದೆ ಹಾಗೇ ಮೇಲಕ್ಕೆ ತಿರುಗಿಸಿ ಮಂಡಿಗೆ ಹೊದಿಸಬೇಕು, ಅದರ ಮೇಲೆ ತೊಡೆಯ ತೆಳು ಚರ್ಮ ಎಂದರು ಡಾಕ್ಟ್ರಮ್ಮ. ಪೂರ್ತಿ ಕತ್ತರಿಸಿ ತೆಗೆದು ಹಾಸಿದರೆ ಮಟ್ಟಸವಾಗಿ ಕೂರುತ್ತದೆ ಎಂದು ಮೇಸ್ತ್ರಿ ಮಲಗಿದ್ದಲ್ಲಿಂದಲೇ ಸಲಹೆ ಕೊಟ್ಟ. ಆಕೆ ತಾಳ್ಮೆಯಿಂದ ಕೇಳಿ, ಟೈಲ್ಸಿಗೆ ರಕ್ತ ಬೇಡ, ಮಾಂಸಕ್ಕೆ ಬೇಕು ಎಂದರು.

ಆಪರೇಷನ್ ಆಯಿತು. ರಕ್ತ ಹರಿಯುತ್ತಿದೆಯೇ ಎಂದು ಹೊಸ ಹೊದಿಕೆಯ ಬಣ್ಣ ನೋಡಲೆಂದು ಬ್ಯಾಂಡೇಜಿನಲ್ಲಿ ಸಣ್ಣ ಕಿಂಡಿ ಬಿಟ್ಟಿದ್ದರು. ಹುಟ್ಟುಗುಣ ಎಲ್ಲಿ ಹೋಗುತ್ತೆ? ಮೇಸ್ತ್ರಿಯ ಗೆಣ್ಣು ಮೆಲ್ಲಗೆ ಆ ಕಿಂಡಿಯತ್ತ ಹೊರಟಿತು.

“ಏನ್ರೀ ಅದು?” ಎಂದರು ಸಿಸ್ಟರ್.

“ಟೊಳ್ಳಿದೆಯಾ ಅಂತ...”

“ಇನ್ನೂ ಹಸಿ. ಹಿಡ್ಕೊಳ್ಳೋವರೆಗೂ ಮುಟ್ಟೋ ಹಾಗಿಲ್ಲ.”

ಮುಟ್ಟಿದರೆ ಕೈಯನ್ನು ಮಂಚಕ್ಕೆ ಕಟ್ಟುತ್ತೇನೆ ಎಂದಳು ಹೆಂಡತಿ. ಹೇಳಿ ಸುಮ್ಮನಿರುವವಳಲ್ಲ. ಮೇಸ್ತ್ರಿ ಕೈಕಟ್ಟಿ ಮಲಗಿದ. ವಾರ್ಡಿನ ಬಾಗಿಲಲ್ಲಿ ಟ್ರಾಲಿ ದಾಟಿದಾಗಲೆಲ್ಲ ಒಂದು ಟೈಲ್ಸ್ ಟೊಕ್ ಎನ್ನುತ್ತಿತ್ತು. ಅವನಿಗೆ ಗಾಯಕ್ಕಿಂತ ಅದರದೇ ನೋವು.

ಮೀನಖಂಡ ಮಂಡಿಗೆ ಒಗ್ಗಿತು. ವ್ಯಾಯಾಮ ಮಾಡಿಸಿ ಮಾಡಿಸಿ ಮಂಡಿ ಮಡಚಿತು. ಆದರೆ ಅದರ ಮೇಲೆ ಭಾರ ಹಾಕುವಂತಿಲ್ಲ, ಮಣೆ ಮೇಲೆ ಕೂತೇ ಕೆಲಸ ಎಂದು ತಾಕೀತಾಯಿತು. ಮಂಡಿ ತುಸು ಉಬ್ಬಿಯೇ ಉಳಿಯಿತು. ಟೈಲ್ಸ್ ಹೀಗೆ ಉಬ್ಬಿದ್ದರೆ ಕೀಳಿಸುತ್ತಿದ್ದನೇನೋ, ಇದನ್ನು ಮಾತ್ರ ಕಂಡಕಂಡವರಿಗೆಲ್ಲ ತೋರಿಸಿದ.

ಮುಂದಿನ ಸಲ ತಪಾಸಣೆಗೆ ಬರುವಾಗ ಕರಣೆ, ಸಿಮೆಂಟು, ಒಂದು ಹೊಸ ಟೈಲ್ಸ್, ಮಣೆ ಹಿಡಿದೇ ಬಂದ. ಕೇಳಿ ಒಪ್ಪಿಗೆ ಪಡೆದು, ಬಾಗಿಲ ಟೈಲ್ಸ್ ಕಿತ್ತು ಹೊಸದು ಕೂರಿಸಿದ. ದುಡ್ಡಿನ ಮಾತೆತ್ತಿದವರಿಗೆ ಕಿವಿ ಕೇಳಿಸದವನಂತೆ ಇದ್ದ. ಡಾಕ್ಟ್ರಮ್ಮ ಬಂದು, ಬಗ್ಗಿ, ಗೆಣ್ಣಿನಿಂದ ತಟ್ಟಲು ಹೋದರು.

“ಡಾಕ್ಟ್ರಮ್ಮ, ಇನ್ನೂ ಹಸಿ. ಹಿಡ್ಕೊಳ್ಳೋವರೆಗೂ ಮುಟ್ಟೋ ಹಾಗಿಲ್ಲ.”

ಡಾಕ್ಟ್ರಮ್ಮ ಕೈ ಹಿಂದಕ್ಕೆ ಎಳೆದುಕೊಂಡು, ಅದನ್ನು ದಾಟಿಕೊಂಡು ಒಳಗೆ ಹೋದರು. ಮೇಸ್ತ್ರಿ ಪಕ್ಕದ ಬೆಂಚಿನ ಮೇಲೆ ಕಾವಲು ಕೂತ, ಮಡಚಿದ ಮಂಡಿಯ ಮೇಲೆ ಕೈಯಿಟ್ಟು, ತಟ್ಟದೆ.