ಕೊಟ್ಟೆ ಅನ್ನುವವರಿಲ್ಲದ ಮನೆ

ಗುಂಡ್ಲುಪೇಟೆ–ಚಾಮರಾಜನಗರ ರೂಟಿನಲ್ಲಿ ನಿಂಗಮ್ಮನ ಬಾಯಿಗೆ ಹೆದರದ ಪ್ರಯಾಣಿಕರು ಯಾರಾದರೂ ಇದ್ದರೆ ಅವರು ಕಿವುಡರೇ ಇರಬೇಕು. ಪೂರ್ತಿ ಹೆಸರು ಚಿಕ್ಕನಿಂಗಮ್ಮ, ಕೆಲಸ ಕಂಡಕ್ಟರ್. ನಾನು ಅದೇ ಬಸ್ಸಿನ ಡ್ರೈವರ್, ಗುರುಪಾದಸ್ವಾಮಿ. ಫುಟ್‌ಬೋರ್ಡಿನಲ್ಲಿ ನೇತಾಡುವ ಕಾಲೇಜು ಹುಡುಗರಿಗೆ ‘ಒಳಕ್ಕೆ ಬತ್ತೀರೋ, ಇಲ್ಲಾ ನಿಮ್ಮವ್ವಂಗೆ ಫೋನ್ ಮಾಡನೋ?’ ಎಂದು ಅವಳು ಗದರಿದರೆ ಸಾಕು, ಬಾಗಿಲು ಖಾಲಿ. ಕುಡಿದು ಬಂದು ತಂಟೆ ಮಾಡಿದವನ ಕಾಲರ್ ಹಿಡಿದು ತೆರಕಣಾಂಬಿಯಲ್ಲಿ ಇಳಿಸಿದ್ದನ್ನು ನಾನೇ ಕನ್ನಡಿಯಲ್ಲಿ ನೋಡಿದ್ದೇನೆ. ಅಂಥ ಹೆಂಗಸು ಹೋದ ವರ್ಷ ಒಂದು ಮನೆ ಕೊಂಡು, ಆ ಮನೆಗೇ ಹೆದರಿ ಜ್ವರ ಬರಿಸಿಕೊಂಡು ಮಲಗಿದಳು. ಅವಳ ಜೊತೆ ನನ್ನನ್ನೂ ಹೆದರಿಸಿಬಿಟ್ಟಳು, ಅದು ಬೇರೆ ಮಾತು.

ಮನೆ ಹಂಗಳದ ದೊಡ್ಡಮಲ್ಲಪ್ಪನವರದು. ನಮ್ಮ ಜನವೇ, ನನಗೆ ದೂರದ ನಂಟು ಕೂಡ. ಬಾಮೈದನ ಅರಿಶಿನ ವ್ಯಾಪಾರಕ್ಕೆ ಸಹಕಾರ ಸಂಘದಲ್ಲಿ ಜಾಮೀನು ನಿಂತರು. ಬಾಮೈದ ತಲೆ ಮರೆಸಿಕೊಂಡ, ಸಂಘ ಮನೆ ಮತ್ತು ಹಿತ್ತಲನ್ನು ಹರಾಜಿಗಿಟ್ಟಿತು. ನಿಂಗಮ್ಮ ಹುಟ್ಟಿದ್ದು ಅದೇ ಊರಿನ ಕೆಳಗಿನ ಕೇರಿಯಲ್ಲಿ. ಅವರವ್ವ ಆ ಮನೆಯ ಕೊಟ್ಟಿಗೆ ಬಳಿದೇ ಮಕ್ಕಳನ್ನು ಸಾಕಿದ್ದು.

ನೌಕರಿ ಸಿಕ್ಕ ಮೇಲೆ ನಿಂಗಮ್ಮ ಮಗಳು ಶಿವರಂಜಿನಿಯನ್ನು ಕಟ್ಟಿಕೊಂಡು ಗುಂಡ್ಲುಪೇಟೆಯಲ್ಲಿ ಬಾಡಿಗೆ ಮನೆ ಹಿಡಿದಳು. ಮನೆಯ ಯಜಮಾನರು ಒಂದಲ್ಲ ಒಂದು ದಿನ ನಗುನಗುತ್ತಲೇ ಕೇಳುತ್ತಿದ್ದರು, ‘ನಿಮ್ಮದು ಯಾವ ಕೇರಿಯಮ್ಮ?’ ಕೇಳಿದ ತಿಂಗಳಲ್ಲೇ ಅವರ ಮಗಳು ಬಾಣಂತನಕ್ಕೆ ಬರುತ್ತಿದ್ದಳು, ಮನೆ ಖಾಲಿ ಮಾಡಬೇಕಾಗುತ್ತಿತ್ತು. ಎಷ್ಟು ಹೆಣ್ಣುಮಕ್ಕಳೋ, ಎಷ್ಟು ಬಾಣಂತನವೋ ಗುಂಡ್ಲುಪೇಟೆಯಲ್ಲಿ! ಯಾರೂ ಎಬ್ಬಿಸದ ಒಂದು ಮನೆ ಬೇಕು ಅನ್ನುವುದೊಂದೇ ಅವಳ ಆಸೆ.

ಹರಾಜಿನ ದಿನ ಮನೆಯ ಮುಂದೆ ತಮಟೆ ಬಾರಿಸಿದರು. ಊರೆಲ್ಲ ನೆರೆದಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಉಂಡ ಮನೆಯನ್ನು ಹರಾಜಿನಲ್ಲಿ ಕೂಗಬಾರದು ಅನ್ನುವುದು ನಮ್ಮ ಕಡೆಯ ನಡವಳಿಕೆ. ಹಿಂದೆಯೂ ಹೀಗೇ ಯಾರೂ ಕೂಗದೆ ಹರಾಜು ನಿಂತಿತ್ತು. ಈ ಸಲ ಜನರ ಹಿಂದಿನಿಂದ ‘ನಾನು’ ಎಂದಳು ನಿಂಗಮ್ಮ. ಬಸ್ ತುಂಬ ಕೇಳುವಂತೆ ‘ರೈಟ್’ ಎನ್ನುವ ಗಂಟಲು ಅವತ್ತು ಮಗುವಿನದಾಗಿತ್ತು. ಅಧಿಕಾರಿ ಮೂರು ಸಾರಿ ಕೂಗಿ ಮುಗಿಸಿದ. ಜಗಲಿಯ ಕಂಬ ಹಿಡಿದು ನಿಂತಿದ್ದ ದೊಡ್ಡಮಲ್ಲಪ್ಪನವರು ಹೆಗಲ ಮೇಲಿನ ಟವಲನ್ನು ತಲೆಗೆ ಸುತ್ತಿಕೊಂಡು, ಯಾರನ್ನೂ ನೋಡದೆ ಬಸ್ ಸ್ಟಾಪಿನ ಕಡೆ ನಡೆದುಬಿಟ್ಟರು. ಉಮ್ಮತ್ತೂರಿನ ತಂಗಿ ಮನೆ ಸೇರಿಕೊಂಡರು ಎಂದು ಆಮೇಲೆ ತಿಳಿಯಿತು.

ಭಯ ಮೊದಲು ನಮ್ಮ ಬಸ್ಸಿಗೇ ಹತ್ತಿತು. ಕೋರ್ಟಿಗೆ, ದೊಡ್ಡಾಸ್ಪತ್ರೆಗೆ ಅಂತ ಚಾಮರಾಜನಗರಕ್ಕೆ ಹೋಗುವ ಹಂಗಳದವರು ಅವಳ ಕೈಗೆ ದುಡ್ಡು ಕೊಡುವುದನ್ನು ಬಿಟ್ಟರು, ಸೀಟಿನ ಮೇಲೆ ಇಟ್ಟು ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದರು. ಒಂದು ದಿನ ಸಣ್ಣಮ್ಮ ಅನ್ನುವ ಮುದುಕಿ ಎಲ್ಲರ ಎದುರಿಗೇ ಹೇಳಿಬಿಟ್ಟಳು. ‘ಅನ್ನ ಇಕ್ಕಿದ ಮನೆಯ ಕೂಗ್ಬುಟ್ಯಲ್ಲಮ್ಮಿ. ಅಯ್ನೋರು ವಸ್ತಿಲ ಮಣ್ಣ ಟವಲಲ್ಲಿ ಗಂಟು ಕಟ್ಕೊಂಡು ಓಗವ್ರಂತ. ಮಾದಪ್ಪನ ಎಸರೇಳಿ ನಿನ್ ತಲ ಮೇಲ ತೂರ್ತಾರಂತ. ಎಣ್ಣು ಮಗ ಅದ ನಿಂಗ, ಉಸಾರು.’

ನಿಂಗಮ್ಮ ಟಿಕೆಟ್ ಮಷೀನು ಹಿಡಿದು ಹಾಗೇ ನಿಂತಳು. ಹಿಡಿಮಣ್ಣು ತೂರಿ ಹಾಕಿದ ಶಾಪಕ್ಕೆ ನಮ್ಮಲ್ಲಿ ಎಂಥ ಗಟ್ಟಿಗನೂ ನಡುಗುತ್ತಾನೆ, ನಾನೂ ನಡುಗುತ್ತೇನೆ, ಸುಳ್ಳೇಕೆ ಹೇಳಲಿ. ಅವತ್ತು ಸಂಜೆ ಡಿಪೋದಲ್ಲಿ ಇಳಿದವಳು ಮಗಳಿಗೆ ಫೋನ್ ಮಾಡಿ, ಎಲ್ಲಿದ್ದೀ, ಯಾರ ಜೊತೆ ಇದ್ದೀ, ಬೇಗ ಬಾ ಎಂದು ಅಳುದನಿಯಲ್ಲಿ ಕೂಗಾಡಿದಳು.

ಸಂಘದವರು ಮಾರಾಟದ ಸರ್ಟಿಫಿಕೇಟನ್ನೇನೋ ಕೊಟ್ಟರು. ಅದನ್ನು ನಾಲ್ಕು ತಿಂಗಳೊಳಗೆ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಹಾಜರುಮಾಡಿ ನೋಂದಾಯಿಸಿಕೊಳ್ಳಿ ಎಂದೂ ಹೇಳಿದರು. ಅವಳು ಪತ್ರ ಬರೆಯುವವರ ಅಂಗಡಿ ಅಂಗಡಿ ತಿರುಗಿದಳು. ದೊಡ್ಡಮಲ್ಲಪ್ಪನವರ ಹೆಸರು ಕಂಡದ್ದೇ ಒಬ್ಬನಿಗೆ ಹೊಟ್ಟೆನೋವು ಬಂತು, ಇನ್ನೊಬ್ಬನಿಗೆ ಮದುವೆ ಮನೆ ನೆನಪಾಯಿತು. ಚಂದ್ರಕುಮಾರ್ ಅನ್ನುವವನು ಮಾತ್ರ ನೇರವಾಗಿ ಹೇಳಿದ. ‘ನಾನು ದಿನಾ ಆ ಊರ್ಗೆ ಓಗಿ ಬರೋನು ಕಣಮ್ಮ. ನಂಗ್ಯಾಕ ಈ ಉಸಾಬರಿ? ನೀನೇ ಮಾಡ್ಕೊ.’

ಸರಿ, ನಾನೇ ಮಾಡಿಕೊಳ್ಳುತ್ತೇನೆ ಎಂದು ಹೊರಟಳು. ನರ್ಸಿಂಗ್ ಓದುವ ಶಿವರಂಜಿನಿ ಮೊಬೈಲಿನಲ್ಲೇ ಅರ್ಜಿ ತುಂಬಿದಳು, ಶುಲ್ಕದ ಚಲನ್ ತೆಗೆದಳು. ಗುರುತಿಸುವ ಸಾಕ್ಷಿ ಬೇಕೆಂದಾಗ ನಾನು ಒಪ್ಪಿಕೊಂಡೆ. ಅದಕ್ಕೆ ನನ್ನ ಮನೆಯಲ್ಲಿ ಭೂಕಂಪ! ‘ನಮ್ಮವ್ರ ಮನೆ ಬೇರೆಯೋರ ಪಾಲಾಗಕ್ಕ ನೀನೇ ಸಾಕ್ಸಿನಾ? ನಾಳ ನಮ್ಮನ ಎಣ್ಣು ಮಗೀಗ ಗಂಡು ಉಡುಕ್ಬ್ಯಾಡ್ವ?’ ಎಂದು ನನ್ನಕ್ಕ ಶಿವಲಕ್ಷ್ಮಿ ತಟ್ಟೆ ಮುಂದೆಯೇ ರಂಪ ಮಾಡಿದಳು. ನಾನು ಎದ್ದು ಕೈ ತೊಳೆದುಕೊಂಡೆ. ರೇಗಿದರೆ ನನಗೆ ಅನ್ನ ಇಳಿಯುವುದಿಲ್ಲ.

ಎಲ್ಲ ಸಿದ್ಧವಾಗಿ, ಆಫೀಸಿನ ದಿನವೂ ಗೊತ್ತಾದ ಮೇಲೆ ಈ ಮಹಾತಾಯಿ ಹೊಸ ರಾಗ ತೆಗೆದಳು.

‘ಸ್ವಾಮಣ್ಣ, ಅಲ್ಲಿ ನಂಗ ಕೊಟ್ಟೆ ಅನ್ನೋರು ಯಾರು?’

ಅವಳು ಕೇಳಿದ್ದೇನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಾಗಲಿ ಹೊಲವಾಗಲಿ, ಮಾರಿದವನು ಹೆಬ್ಬೆಟ್ಟು ಒತ್ತಿ ಹೊರಗೆ ಬಂದು, ಕೊಂಡವನ ಕೈಗೆ ಎಲೆ ಅಡಿಕೆ ಇಟ್ಟು, ಬಾಯಿ ತುಂಬ ‘ಕೊಟ್ಟೆ’ ಅನ್ನಬೇಕು. ಅದಿಲ್ಲದೆ ಎಷ್ಟು ಮೊಹರು ಬಿದ್ದರೂ ಆಸ್ತಿ ದಕ್ಕುವುದಿಲ್ಲ ಎಂಬ ನಂಬಿಕೆ. ಹರಾಜಿನ ಮನೆಯಲ್ಲಿ ಮಾರುವವನೇ ಇಲ್ಲ. ಅಧಿಕಾರಿಯ ಸಹಿ ಇದೆ, ಅಷ್ಟೆ.

‘ಸರ್ಕಾರ ಕೊಟ್ಟದ ಕಣಮ್ಮಿ. ಸರ್ಕಾರಕ್ಕಿಂತ ದೊಡ್ಡೋರು ಬೇಕಾ ನಿಂಗ?’ ಎಂದು ರೇಗಿದೆ.

‘ಸರ್ಕಾರ ಸಾಪ ಆಕಲ್ಲ ಕಣಣ್ಣ. ಅಯ್ನೋರು ಆಕ್ತಾರ. ಅವರ ಬಾಯಲ್ಲಿ ಒಂದ್ಮಾತು ಬಂದ್ಬುಟ್ರ ನನ್ ಎಣ್ಣು ಮಗ ಉಳೀತದ.’

ವಾರದ ರಜೆಯಲ್ಲಿ ಉಮ್ಮತ್ತೂರಿಗೆ ಹೊರಟೇಬಿಟ್ಟಳು. ಒಬ್ಬಳೇ ಹೋಗಿ ಏನಾದರೂ ಮಾಡಿಸಿಕೊಂಡಾಳು ಎಂದು ಬೈದುಕೊಂಡೇ ಹಿಂದೆ ಹೋದೆ. ದೊಡ್ಡಮಲ್ಲಪ್ಪನವರು ತಂಗಿ ಮನೆಯ ಪಡಸಾಲೆಯಲ್ಲಿ ಕುಡುಗೋಲಿಗೆ ಹಿಡಿ ಕೂರಿಸುತ್ತಿದ್ದರು. ಕುಡುಗೋಲು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನಿಂಗಮ್ಮ ಬಾಗಿಲಿನಾಚೆಯೇ ನಿಂತು ಕೈ ಮುಗಿದಳು.

‘ಬುದ್ಧಿ, ತಪ್ಪು ತಿಳ್ಕೋಬ್ಯಾಡಿ. ನಿಮ್ಮ ಬಾಯಿಂದ ಕೊಟ್ಟೆ ಅಂತ ಒಂದ್ಮಾತು ಅಂದ್ಬುಡಿ. ನಂಗ ಬಾಳ ಭಯ ಆಯ್ತದ.’

ಅವರು ತಲೆ ಎತ್ತಲಿಲ್ಲ. ಕುಡುಗೋಲಿನ ಅಲಗಿನ ಮೇಲೆ ಹೆಬ್ಬೆರಳು ಆಡಿಸುತ್ತ ಕೇಳಿದರು.

‘ಯಾವತ್ತು ರಿಜಿಸ್ಟ್ರು?’

‘ಬರೋ ಗುರುವಾರ ಬುದ್ಧಿ. ಅನ್ನೊಂದು ಗಂಟೆಗ.’

ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ನಾನು ಬೈದ ಬೈಗುಳವನ್ನೆಲ್ಲ ಇಲ್ಲಿ ಬರೆಯಲಾಗುವುದಿಲ್ಲ. ‘ದಾರಿಲಿ ಓಗೋ ಮಾರಿಯ ಮನಗ ಕರೆದ್ಯಲ್ಲಾ! ದಿನವೂ ಏಳ್ದೆ, ಗಂಟೆನೂ ಏಳ್ದೆ! ಇನ್ನೇನ್ ಉಳುಸ್ದೆ?’ ಅವಳು ಸೆರಗಿನ ತುದಿ ಕಚ್ಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಚಾಮರಾಜನಗರ ಬಂದು ಬಸ್ ಬದಲಾಯಿಸುವಾಗ ಅವಳ ಮೈ ಮುಟ್ಟಿದರೆ ಕಾದ ಹೆಂಚು. ಗುರುವಾರದವರೆಗೆ ಅವಳು ಡ್ಯೂಟಿಗೆ ಬರಲಿಲ್ಲ.

ಗುರುವಾರ ಬೆಳಿಗ್ಗೆ ಆಫೀಸಿನ ಹತ್ತಿರ ಹೋದರೆ, ನಾನು ಏನು ಆಗಬಾರದು ಅಂದುಕೊಂಡಿದ್ದೆನೋ ಅದೇ ಆಗಿತ್ತು. ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ದೊಡ್ಡಮಲ್ಲಪ್ಪನವರು ಕೂತಿದ್ದರು. ಒಗೆದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ತೊಡೆಯ ಮೇಲೆ ಟವಲು, ಅದರ ತುದಿಯಲ್ಲಿ ಒಂದು ಗಂಟು.

ನಿಂಗಮ್ಮ ನನ್ನ ತೋಳು ಹಿಡಿದುಕೊಂಡಳು. ಉಗುರು ಚರ್ಮಕ್ಕೆ ಇಳಿಯಿತು.

‘ಬ್ಯಾಡ ಕಣಣ್ಣ. ಮನನೂ ಬ್ಯಾಡ, ಮಠನೂ ಬ್ಯಾಡ. ಓಗನ ನಡಿ.’

‘ಮುಚ್ಚಮ್ಮಿ ಬಾಯ. ಇಷ್ಟು ದೂರ ಬಂದು ಓಗನ ಅಂತೀಯಾ? ಇನ್ನೊಂದು ಬಾಣಂತನ ಬರ್ಬೇಕಾ ನಿಂಗ?’ ಎಂದೆ. ಇಬ್ಬರೂ ಅವರ ಕಡೆ ನೋಡದೆ, ಗೋಡೆ ಸವರಿಕೊಂಡು ಒಳಗೆ ನುಗ್ಗಿದೆವು.

ಒಳಗೆ ಅವಳ ಸರದಿ ಬಂತು. ಕ್ಯಾಮೆರಾದ ಮುಂದೆ ಕೂರಿಸಿದರೆ ಕಣ್ಣು ಬಾಗಿಲ ಕಡೆಗೇ ಓಡುತ್ತಿತ್ತು. ಹೆಬ್ಬೆಟ್ಟು ಯಂತ್ರದಲ್ಲಿ ಹಿಡಿಯಲಿಲ್ಲ, ಬೆವರಿನಿಂದ ಬೆರಳೆಲ್ಲ ಒದ್ದೆ. ಗುಮಾಸ್ತೆ ಎರಡು ಸಲ ಬಟ್ಟೆಯಿಂದ ಒರೆಸಿ, ‘ಯಾಕಮ್ಮ, ಕದ್ದ ಮನೆಯಾ?’ ಎಂದು ನಕ್ಕಳು. ನಿಂಗಮ್ಮನಿಗೆ ಅದೂ ನಿಜವೆನಿಸಿತೋ ಏನೋ, ‘ಅಲ್ಲ ಕಣವ್ವ, ದುಡ್ಡು ಕಟ್ಟಿವ್ನಿ’ ಎಂದಳು. ಪಕ್ಕದ ಕುರ್ಚಿ, ಮಾರುವವರು ಕೂರುವ ಕುರ್ಚಿ, ಖಾಲಿ ಇತ್ತು. ‘ಆ ಕಡೆಯವ್ರು ಯಾರೂ ಬರೋದು ಬೇಡ್ವಾ ಸಾರ್?’ ಎಂದು ನಾನು ಕೇಳಿದೆ. ‘ಹರಾಜಿನದಲ್ವಾ, ಬೇಕಾಗಿಲ್ಲ’ ಎಂದರು ಅಧಿಕಾರಿ. ನಾನು ಸಾಕ್ಷಿ ಹಾಕಿದೆ. ಸ್ವಲ್ಪ ಹೊತ್ತಿಗೆಲ್ಲ ಮೊಹರು ಬಿದ್ದ ಪತ್ರ ಕೈಗೆ ಬಂತು. ಅವಳು ಅದನ್ನು ಎದೆಗೆ ಒತ್ತಿಕೊಂಡಳು, ಮುಖದಲ್ಲಿ ಮಾತ್ರ ಒಂದು ತೊಟ್ಟು ಸಂತೋಷವಿರಲಿಲ್ಲ.

ಹಿಂದಿನ ಬಾಗಿಲಿದೆಯಾ ಎಂದು ಕೇಳಿದೆ. ಇರಲಿಲ್ಲ.

ನಾವು ಮೆಟ್ಟಿಲಿಳಿಯುತ್ತಿದ್ದ ಹಾಗೇ ದೊಡ್ಡಮಲ್ಲಪ್ಪನವರು ಎದ್ದು ಎದುರಿಗೆ ಬಂದರು. ಸುತ್ತ ಇದ್ದ ಜನ ಮಾತು ನಿಲ್ಲಿಸಿದರು. ನಾನು ಅವಳ ಮುಂದೆ ಹೋಗಿ ನಿಂತೆ.

‘ಅಪ್ಪಾಜಿ, ಬ್ಯಾಡಿ. ಒಂಟಿ ಎಂಗ್ಸು. ನಿಮ್ಮ ಕಾಲಿಗ ಬೀಳ್ತೀನಿ.’

‘ನೀ ಸರಿಲಾ ಸ್ವಾಮಿ ಅತ್ತ,’ ಎಂದರು. ಆಮೇಲೆ ಅವಳಿಗೆ, ‘ನಿಂಗಮ್ಮ, ಎಲ್ಲಾ ಆಯ್ತಾ?’

‘ಆಯ್ತು ಬುದ್ಧಿ.’ ಅವಳು ನನ್ನ ಬೆನ್ನ ಹಿಂದಿನಿಂದಲೇ ಅಂದಳು.

‘ಮನೆ ಇತ್ತಲು ಎಲ್ಲಾ ಸೇರಿ? ಪೂರಾ ನಿಂದೇಯಾ ಈಗ?’

ಅವಳು ತಲೆಯಾಡಿಸಿದಳು. ಅವರು ಟವಲಿನ ಗಂಟು ಬಿಚ್ಚತೊಡಗಿದರು. ನಿಂಗಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದಳು. ನಾನೂ ಮುಚ್ಚಿದೆ. ಮಣ್ಣು ಬೀಳಲಿಲ್ಲ. ಕಣ್ಣು ಬಿಟ್ಟರೆ, ಅವರ ಅಂಗೈಯಲ್ಲಿ ನಾಲ್ಕು ವೀಳ್ಯದೆಲೆ, ಒಂದು ಗೋಟಡಿಕೆ.

‘ಅವತ್ತು ನೀ ಕೇಳ್ದಾಗ ನಂಗ ಬಾಯಿ ಬರ್ನಿಲ್ಲ. ಕೊಟ್ಟೆ ಅಂತ ಎಂಗನ್ನನವ್ವ? ನಂದಾಗಿದ್ದಾಗ ಯಾರೂ ಕೇಳ್ನಿಲ್ಲ. ನೀ ಕೇಳ್ದಾಗ ಅದು ನಂದಲ್ಲ.’ ಅವರು ಟವಲನ್ನು ಹೆಗಲಿಗೆ ಹಾಕಿಕೊಂಡರು. ‘ಇತ್ತಲ ಮೂಲಲಿ ಸಾಂತಮಲ್ಲವ್ವನ ಮಣ್ಣು ಮಾಡಿವ್ನಿ. ನಿಂಗ ಗೊತ್ತಲ್ಲ, ನನ್ನೆಂಡ್ರು. ನೀನು ಪಾಯ ತೋಡುಸ್ತಿಯೋ, ಜೆಸಿಬಿ ತರುಸ್ತಿಯೋ ಅಂತ ಎದರ್ಕೊಂಡು ಕಣ್ಣಿಗ ನಿದ್ದ ಇಲ್ಲ ನಂಗ. ನಿನ್ನ ಕೇಳಕ್ಕೂ ಭಯ. ಆಗಲ್ಲ ಓಗು ಅಂದ್ಬುಟ್ರ ನಾ ಏನ್ಮಾಡನ?’

ಅಯ್ಯೋ ಶಿವನೇ! ನಾವು ಇವರಿಗೆ ಹೆದರಿ ಜ್ವರ ಬಂದು ಮಲಗಿದ್ದರೆ, ಇವರು ಉಮ್ಮತ್ತೂರಿನಲ್ಲಿ ಕೂತು ಇವಳಿಗೆ ಹೆದರುತ್ತಿದ್ದರು.

‘ಅವಳ ಪಕ್ಕ ಒಂದಾಳು ಮನಗೋ ಅಷ್ಟು ಜಾಗ ಬುಡು. ನಾ ಸತ್ತಾಗ ತಂದು ಇಡ್ಲಿ. ಅಷ್ಟೇಯ. ಕೊಟ್ಟೆ ಅಂತ ನೀ ಅನ್ಬೇಕು ಕಣವ್ವ ಈಗ. ಎಲ ಅಡ್ಕನೂ ನಾನೇ ತಂದಿವ್ನಿ.’

ಅವಳ ಕೈಗೆ ಅದನ್ನು ಇಟ್ಟರು. ಹೊಸ ಪತ್ರವನ್ನು ಕಂಕುಳಲ್ಲಿ ಒತ್ತಿಕೊಂಡು ನಿಂಗಮ್ಮ ಎಲೆಗಳನ್ನೇ ನೋಡಿದಳು. ಅವಳ ವಂಶದಲ್ಲಿ ಯಾರೂ ಯಾರಿಗೂ ನೆಲ ಕೊಟ್ಟವರಲ್ಲ, ಕೊಡುವಷ್ಟು ಅವರಿಗೆ ಎಲ್ಲಿತ್ತು? ಅವಳು ಎರಡೂ ಕೈ ಸೇರಿಸಿ ಎಲೆ ಅಡಿಕೆಯನ್ನು ಅವರ ಕೈಗೆ ತಿರುಗಿ ಇಟ್ಟಳು.

‘ಕೊಟ್ಟೆ ಬುದ್ಧಿ.’ ಇನ್ನೊಂದು ಸಲ ಗಟ್ಟಿಯಾಗಿ, ಗೇಟಿನಾಚೆಯವರಿಗೂ ಕೇಳುವ ಹಾಗೆ ಅಂದಳು. ‘ಕೊಟ್ಟೆ!’

ದೊಡ್ಡಮಲ್ಲಪ್ಪನವರು ಅದನ್ನು ಕಣ್ಣಿಗೆ ಒತ್ತಿಕೊಂಡು, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಬಸ್ ಸ್ಟ್ಯಾಂಡಿನ ಕಡೆ ಹೋದರು.

ನನಗೆ ಅಳು ಬಂದಿತ್ತು. ಅಳು ಬಂದರೆ ನಾನು ಬೈಯುವವನು. ‘ಇನ್ನೂ ಮೊಹರಿನ ಮಸಿ ಒಣಗಿಲ್ಲ, ಆಗ್ಲೇ ದಾನ ಮಾಡ್ಬುಟ್ಯಲ್ಲ ಧರ್ಮರಾಯನ ಅಕ್ಕ! ಯಾರದ್ದು ಅಂತ ಕೊಟ್ಬುಟ್ಟೆ?’

ನಿಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

‘ನಂದನ್ನಲ್ವ ಸ್ವಾಮಣ್ಣ?’ ಎಂದಳು.