ಅಂಗೈಯಲ್ಲಿ ಹವೀಜ, ಬಾಯಲ್ಲಿ ಜಿನ್ನಿನ ಹೆಸರು

ಹವೀಜವನ್ನು ಪರೀಕ್ಷಿಸುವ ಕ್ರಮ ನಮ್ಮ ಮನೆತನದಲ್ಲಿ ಒಂದೇ. ಚೀಲದ ಬಾಯಿಂದ ತೆಗೆಯಬಾರದು, ಅಲ್ಲಿ ಎಲ್ಲರೂ ಚೆಲುವಾದ ಕಾಳನ್ನೇ ಹರಡಿರುತ್ತಾರೆ; ಮೊಳಕೈವರೆಗೆ ಕೈಯಿಳಿಸಿ ತಳದಿಂದ ಒಂದು ಹಿಡಿ ಮೇಲೆತ್ತಿ, ಎರಡೂ ಅಂಗೈಗಳ ನಡುವೆ ತಿಕ್ಕಿ, ಕಣ್ಣು ಮುಚ್ಚಿ ಮೂಸಬೇಕು. ನೀವು ಇದನ್ನು ಕೊತ್ತಂಬರಿ ಬೀಜ ಎನ್ನುತ್ತೀರೇನೋ, ಗೆಳೆಯರೇ. ನಮ್ಮ ಗಡಹಿಂಗ್ಲಜದ ಪೇಟೆಯಲ್ಲಿ ಕನ್ನಡದವರ ಬಾಯಲ್ಲಿ ಅದು ಹವೀಜ, ಮರಾಠಿಯವರ ಬಾಯಲ್ಲಿ ಧಣೆ. ಅಪ್ಪ ಹೀಗೆ ಮೂಸಿ ತಲೆಯಾಡಿಸಿದರೆ ವ್ಯಾಪಾರ ಮುಗಿದಂತೆ. ಆ ಮೂಗು ನನಗೂ ಬಂದಿತ್ತು, ಅದರ ಬಗ್ಗೆ ತುಸು ಜಂಬವೂ ಇತ್ತು.

ಹಾಳು ಜ್ವರವೊಂದು ಬಂದು ಹೋಯಿತು, ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಮೆಣಸಿನಕಾಯಿ ಕುಟ್ಟುವಾಗ ಅಂಗಡಿಯಲ್ಲಿದ್ದವರೆಲ್ಲ ಸೀನುತ್ತಿದ್ದರೆ ನಾನೊಬ್ಬನೇ ಸಂತನಂತೆ ಕುಳಿತಿರುತ್ತಿದ್ದೆ. ಯಾಲಕ್ಕಿಯೂ ಒಂದೇ, ಹೊಟ್ಟೂ ಒಂದೇ. ಮಸಾಲೆ ವ್ಯಾಪಾರಿಗೆ ಮೂಗು ಹೋಗುವುದೆಂದರೆ ಏನೆಂದು ಹೇಗೆ ಹೇಳಲಿ? ಅಪ್ಪನ ಗಾದಿಯ ಮೇಲೆ ಪರರ ಮನೆಯವನಂತೆ ಕುಳಿತಿದ್ದೆ. ಆಗ ನನ್ನ ಹೆಂಡತಿ ಸುನಂದಾ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಬಂದು ಕುಳಿತಳು; ಕಾಳು ತಿಕ್ಕುವ ಕೈ ನನ್ನದು, ಮೂಸುವ ಮೂಗು ಅವಳದು. ಗಿರಾಕಿಗಳೇನು ಬಿಡುತ್ತಾರೆಯೇ? "ಅಕ್ಕಾರ, ಮಾಲಕರ ಮೂಗು ಇನ್ನೂ ರಜಾದಾಗ ಐತೇನ್ರಿ?" ಎಂದು ದಿನವೂ ಒಬ್ಬರಾದರೂ ಕೇಳುವವರೇ.

ಇಂಥ ದಿನಗಳಲ್ಲಿ ಅಂಗಡಿಗೆ ಬಂದವಳು ರೇಶ್ಮಾ. ಇಚಲಕರಂಜಿಯ ಮಗ್ಗದ ಮಾಲೀಕರ ಮಗಳು, ರಸಾಯನಶಾಸ್ತ್ರ ಓದಿ ಈಗ ಗೋವಾದಲ್ಲಿ ಜಿನ್ ಎಂಬ ಮದ್ಯವನ್ನು ಭಟ್ಟಿ ಇಳಿಸುತ್ತಾಳೆ. "ಕಾಕಾ, ಜಿನ್ನಿಗೆ ಛಲೋ ಹವೀಜ ಬೇಕಾಗೇತ್ರಿ" ಎಂದಳು. ಹಣೆಗೆ ವಿಭೂತಿ ಹಚ್ಚಿಕೊಂಡು ಕುಳಿತ ನಾನು ಸುನಂದಾಳ ಮುಖ ನೋಡಿದೆ. ನಮ್ಮ ಮನೆಯಲ್ಲಿ ಸೆರೆ, ಹೆಂಡಗಳ ಹೆಸರೆತ್ತಿದವರಿಲ್ಲ. ಅವಳು ಮಾತ್ರ ನಿರಾಳವಾಗಿ, "ನಾವು ಮಾರೂದು ಹವೀಜ. ಮುಂದ ಸಾರಿಗೆ ಹಾಕ್ತಾರೋ ಸೆರೆಗೆ ಹಾಕ್ತಾರೋ, ಒಯ್ದವರಿಗೆ ಬಿಟ್ಟದ್ದು. ತೂಕಾ ಮಾಡ್ರಿ" ಎಂದುಬಿಟ್ಟಳು.

ತೂಕವಾಗುವವರೆಗೆ ರೇಶ್ಮಾ ಚಹಾ ಕುಡಿಯುತ್ತ ತನ್ನ ಕಸುಬಿನ ಕಥೆ ಹೇಳಿದಳು. ಜಿನ್ನಿನ ಜೀವವೆಲ್ಲ ಜುನಿಪರ್ ಎಂಬ ಕಪ್ಪುನೀಲಿ ಕಾಯಿಯಲ್ಲಿದೆಯಂತೆ. ಅದಕ್ಕೆ ಬೆನ್ನಿಗೆ ನಿಲ್ಲುವ ತಮ್ಮನೇ ನಮ್ಮ ಹವೀಜವಂತೆ. ಬೀಗರ ಮನೆಯಲ್ಲಿ ಮಗನ ಹೊಗಳಿಕೆ ಕೇಳಿದಷ್ಟು ಹಿಗ್ಗಾಯಿತು ನನಗೆ. ನನ್ನ ಮೂಗಿನ ಕಥೆಯನ್ನು ಸುನಂದಾಳಿಂದ ಕೇಳಿದ್ದ ಅವಳು ಹೋಗುವಾಗ ಪುಟ್ಟ ಡಬ್ಬಿಯೊಂದರಲ್ಲಿ ಆ ಕಾಯಿಗಳನ್ನು ಕೊಟ್ಟು, "ದಿನಾ ಮುಂಜಾನೆ ಒಂದು ತಿಕ್ಕಿ ಮೂಸ್ರಿ ಕಾಕಾ. ಮೂಗಿಗೂ ರೂಢಿ ಮಾಡಿಸಬೇಕಾಗತೈತಿ" ಎಂದಳು.

ದಿನವೂ ಮೂಸಿದೆ. ಏನೂ ಇಲ್ಲ. ಆದರೆ ಮೂಗು ಕೊಡದ್ದನ್ನು ಕಿವಿ ಕೊಡತೊಡಗಿತು. ರೇಶ್ಮಾ ಹೇಳಿದ್ದಕ್ಕೆ ಮೊಬೈಲಿನಲ್ಲಿ ಓದಿದ್ದನ್ನೂ ಕೂಡಿಸಿ ಜಗತ್ತಿನ ಜಿನ್ನುಗಳ ಹೆಸರುಗಳನ್ನು ಹೇಳಿಕೊಳ್ಳುತ್ತ ಕಾಯಿ ತಿಕ್ಕುತ್ತಿದ್ದೆ. ಎಲ್ಲಕ್ಕೂ ಹಿರಿಯಜ್ಜ ಡಚ್ಚರ ಜೆನೀವರ್, ಧಾನ್ಯದ ಮೈಯುಳ್ಳವನು. ಲಂಡನ್ ಡ್ರೈ ಎಂಬುದು ಲಂಡನ್ನಿನಲ್ಲೇ ಹುಟ್ಟಬೇಕಾಗಿಲ್ಲವಂತೆ. ಕೊಲ್ಹಾಪುರಿ ಚಪ್ಪಲಿಯನ್ನು ಎಲ್ಲೆಲ್ಲಿ ಹೊಲಿಯುತ್ತಾರೆಂದು ಬಲ್ಲ ನಮಗೆ ಅದೇನು ಹೊಸತೇ! ತುಸು ಸಿಹಿಯಾದ ಓಲ್ಡ್ ಟಾಮ್ ನೆನೆದಾಗಲಂತೂ ನಗು ಉಕ್ಕುತ್ತಿತ್ತು: ಟಾಮ್ ಎಂದರೆ ಗಂಡುಬೆಕ್ಕು, ಹಿಂದೆ ಗೋಡೆಗೆ ಕರಿಬೆಕ್ಕಿನ ಬೊಂಬೆ ಜಡಿದಿರುತ್ತಿದ್ದರಂತೆ, ಕಾಸು ಹಾಕಿದರೆ ಅದರ ಪಂಜದ ಕೆಳಗಿನ ಕೊಳವೆಯಿಂದ ಜಿನ್ ಸುರಿಯುತ್ತಿತ್ತಂತೆ. ಕಾಡುಪ್ಲಮ್ಮನ್ನು ಸಕ್ಕರೆಯೊಂದಿಗೆ ನೆನೆಹಾಕಿದ ಕೆಂಪು ಸ್ಲೋ ಜಿನ್. ಸಿಡಿಮದ್ದನ್ನು ತೋಯಿಸಿದರೂ ಮದ್ದು ಹೊತ್ತಿಕೊಳ್ಳುವಷ್ಟು ಖಡಕ್ಕಾದ ನೌಕಾಪಡೆಯ ಜಿನ್. ದ್ರಾಕ್ಷಿಯ ಮದ್ಯದಿಂದ ಇಳಿಸುವ, ಸ್ಪೇನಿನ ದ್ವೀಪವೊಂದರ ಮಹೋನ್. ಸ್ಲೊವಾಕಿಯಾದವರ ಬೊರೊವಿಚ್ಕಾ, ಕರೆದರೆ ಯಾರದೋ ಮನೆಯ ಲಂಗದ ಹುಡುಗಿ ಓಡಿ ಬಂದಾಳೆನ್ನಿಸುವ ಹೆಸರು. ಜಪಾನಿನವರು ಚಹಾದ ಎಲೆಯನ್ನೂ ಚೆರ್ರಿ ಹೂವನ್ನೂ ಹಾಕುತ್ತಾರೆ. ಒಂದು ಹನಿಯನ್ನೂ ಮುಟ್ಟದ ನಾನು ಈ ಜನರ ಕುಶಲತೆಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಒಂದೇ ಕಾಯಿಯನ್ನು ಹಿಡಿದು ಊರೂರೂ ತನ್ನ ಹಿತ್ತಲಿನ ಸುವಾಸನೆಯನ್ನು ಬಾಟಲಿಗಿಳಿಸುವುದೆಂದರೆ ಸಾಮಾನ್ಯವೇ? ಮನೆಮನೆಗೂ ಬೇರೆಯಾಗುವ ನಮ್ಮ ಮಸಾಲೆ ಖಾರವನ್ನು ಬಲ್ಲವನಿಗೆ ಅದರ ಬೆಲೆ ತಿಳಿಯುತ್ತದೆ.

"ಮುಂಜಾನೆದ್ದು ವಿಭೂತಿ ಹಚ್ಚಿಕೊಂಡು ಸೆರೇದ ಹೆಸರ ಜಪಾ ಮಾಡಾಕತ್ತಾರ, ಶಿವನೇ ಕಾಪಾಡಬೇಕು" ಎಂದು ಸುನಂದಾ ನೂಲ ಎಂಬ ಊರಿನಲ್ಲಿರುವ ತನ್ನ ತಂಗಿಗೆ ಫೋನಿನಲ್ಲಿ ಹೇಳಿ ನಗುತ್ತಿದ್ದಳು. ಆದರೆ ನಾನು ಕಾಯಿ ಮೂಸುವ ಹೊತ್ತಿಗೆ ಮಾತ್ರ ಫೋನು ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಇಲ್ಲವೆಂದು ತಲೆಯಾಡಿಸಿದರೆ ಏನೂ ಕಾಣದವಳಂತೆ ಕಸಬರಿಗೆ ಎತ್ತಿಕೊಳ್ಳುತ್ತಿದ್ದಳು.

ಮಳೆಗಾಲ ಕಳೆಯುತ್ತಿದ್ದಂತೆ ರೇಶ್ಮಾಳಿಂದ ಮತ್ತೆ ಕರೆ ಬಂತು, ಇನ್ನೊಂದಿಷ್ಟು ಹವೀಜ ಬೇಕೆಂದು. ಕೊಲ್ಹಾಪುರದ ಪೇಟೆಯಿಂದ ತರಿಸಿದ ಚೀಲ ಬಂದಿಳಿಯಿತು. ಸುನಂದಾ ಒಳಗೆ ಒಲೆಯ ಮೇಲೆ ಹಾಲಿಟ್ಟಿದ್ದಳು. ಟೆಂಪೋದವನು ಅವಸರ ಮಾಡಿದನೆಂದು ಅವಳು ಓಡಿ ಬಂದು, ಚೀಲದ ಬಾಯಿಂದಲೇ ನಾಲ್ಕು ಕಾಳು ಮೂಸಿ, "ಛಲೋ ಐತ್ರಿ" ಎಂದು ತಿರುಗಿ ಹೋದಳು. ನನ್ನ ಕೈ ಮಾತ್ರ ರೂಢಿಯಂತೆ ತಳಕ್ಕಿಳಿಯಿತು. ತಿಕ್ಕಿದೆ. "ಜೆನೀವರ್, ಓಲ್ಡ್ ಟಾಮ್" ಎನ್ನುತ್ತ ಸುಮ್ಮನೆ ಮೂಗಿನ ಬಳಿ ತಂದೆ.

ಏನೋ ಇತ್ತು. ಅಯ್ಯೋ ದೇವರೇ, ಏನೋ ಇತ್ತು! ಇನ್ನೊಮ್ಮೆ ಎಳೆದುಕೊಂಡೆ. ತೋಯ್ದ ಗೋಣಿಯ, ಬಿಸಿಲು ಕಾಣದ ಮೂಲೆಯ, ಶುದ್ಧ ಕೊಳಕು ವಾಸನೆ.

"ಸುನಂದಾ! ಇದು ಮುಗ್ಗೈತಿ!" ಎಂದು ಕೂಗಿದೆ. "ತಳದಾಗ ಪೂರಾ ಮುಗ್ಗು ವಾಸನಿ!"

ಟೆಂಪೋದವನು ಬೆಪ್ಪಾಗಿ ನಿಂತ. ಚೀಲ ಮುಗ್ಗಿದೆಯೆಂದು ಇಷ್ಟು ಹರ್ಷಪಡುವ ವ್ಯಾಪಾರಿಯನ್ನು ಅವನು ಕಂಡಿರಲಿಕ್ಕಿಲ್ಲ. ಸುನಂದಾ ಬಂದಳು. ನನ್ನ ಎರಡೂ ಅಂಗೈಗಳನ್ನು ಹಿಡಿದು ತನ್ನ ಮುಖಕ್ಕೆ ಒತ್ತಿಕೊಂಡು ಮೂಸಿದಳು. "ಹೌದ್ರಿ" ಎಂದಳು, "ಭಾಳ ಕೆಟ್ಟ ವಾಸನಿ." ಹಾಗೆನ್ನುತ್ತ ಅಳುತ್ತಿದ್ದಳು, ಕೈ ಬಿಡಲೊಲ್ಲಳು. ಒಳಗೆ ಹಾಲು ಉಕ್ಕಿ ಸೀದು ಹೋಗಿತ್ತು. ಅವಳಿಗಿಂತ ಮೊದಲು ಅದು ಗೊತ್ತಾದದ್ದು ನನಗೆ.